ಬಲೆಯ ಆಚೆ ಅಕ್ಕ, ಈಚೆ ತಂಗಿ

ಆವರಗೆರೆಯ ಓಣಿಯಲ್ಲಾಗಲಿ, ದಾವಣಗೆರೆ ಪೇಟೆಯ ಮನೆಯ ಮಹಡಿಯ ಮೇಲಾಗಲಿ, ಅಕ್ಕತಂಗಿಯರು ಆಟಕ್ಕೆ ನಿಂತದ್ದನ್ನು ನೀವು ಕಂಡೇ ಇರುತ್ತೀರಿ. ಕುಂಟಬಿಲ್ಲೆಯೋ ಚೌಕಾಬಾರವೋ, ಆಟ ಯಾವುದೇ ಆಗಲಿ, ತಾಯಿಯಾದವಳು ಗೆದ್ದವಳಿಗಿಂತ ಮೊದಲು ಸೋತವಳ ಮುಖವನ್ನು ನೋಡುತ್ತಾಳೆ. ಇಂಥದೇ ಆಟ ಸಾವಿರಾರು ಜನರ ಕಣ್ಣೆದುರಿಗೆ ನಡೆದರೆ ಹೇಗಿದ್ದೀತು?

ವಿಂಬಲ್ಡನ್ ಟೆನಿಸ್ಸಿನಲ್ಲಿ ಹೆಂಗಸರ ಸಿಂಗಲ್ಸ್ ಪಂದ್ಯದ ಚರಿತ್ರೆ ಮೊದಲಾಗುವುದೇ ಹೀಗೆ. ಅಲ್ಲಿ ಗಂಡಸರ ಪಂದ್ಯ 1877ರಲ್ಲಿಯೇ ನಡೆದಿತ್ತು. ಹೆಂಗಸರಿಗೆ ಅವಕಾಶ ದೊರೆತದ್ದು ಏಳು ವರ್ಷಗಳ ತರುವಾಯ, 1884ರಲ್ಲಿ. ಹೆಸರು ಕೊಟ್ಟವರು ಹದಿಮೂರೇ ಮಂದಿ. ಅವರಲ್ಲಿ ಕಡೆಯವರೆಗೆ ಉಳಿದವರು ಒಬ್ಬ ಪಾದ್ರಿಯ ಇಬ್ಬರು ಹೆಣ್ಣುಮಕ್ಕಳು: ಲಿಲಿಯನ್ ವಾಟ್ಸನ್ ಮತ್ತು ಆಕೆಯ ತಂಗಿ, ಹತ್ತೊಂಬತ್ತು ವರ್ಷದ ಮಾಡ್. ಕಾಲು ಮುಚ್ಚುವಷ್ಟು ಉದ್ದನೆಯ ಬಿಳಿಯ ಉಡುಪಿನಲ್ಲಿ ಓಡಿ ಚೆಂಡು ಹೊಡೆಯಬೇಕು! ಮೊದಲ ಸೆಟ್ಟು ಅಕ್ಕನದಾಯಿತು. ಆದರೆ ಕೊನೆಗೆ ತಂಗಿಯೇ 6–8, 6–3, 6–3ರಿಂದ ಗೆದ್ದಳು. ಆಕೆಗೆ 20 ಗಿನಿ ಬೆಲೆಯ ಬೆಳ್ಳಿಯ ಹೂಬುಟ್ಟಿ ಸಿಕ್ಕಿತು. ಅಕ್ಕನಿಗೆ ಒಂದು ಕೈಗನ್ನಡಿ ಮತ್ತು ತಲೆ ಬಾಚುವ ಬ್ರಷ್ಷು. ಸೋತ ಗಂಡಸಿಗೆ ಯಾರಾದರೂ ಕನ್ನಡಿ ಕೊಡುತ್ತಿದ್ದರೇ ಎಂದು ನೀವು ಕೇಳಬಹುದು. ನನಗೂ ಹಾಗೆಯೇ ಅನ್ನಿಸಿತು.

ಈ ತಾರತಮ್ಯ ಬಹಳ ಕಾಲ ನಡೆಯಿತು. ಹಣ ಪಡೆದು ಆಡುವವರಿಗೂ ವಿಂಬಲ್ಡನ್ ತೆರೆದ 1968ರಲ್ಲಿ, ಗೆದ್ದ ರಾಡ್ ಲೇವರ್‌ಗೆ 2000 ಪೌಂಡು, ಗೆದ್ದ ಬಿಲ್ಲೀ ಜೀನ್ ಕಿಂಗ್‌ಗೆ 750 ಪೌಂಡು. ಇಬ್ಬರಿಗೂ ಸಮನಾದ ಬಹುಮಾನ ಬಂದದ್ದು 2007ರಲ್ಲಿ. ಅದನ್ನು ಮೊದಲು ಪಡೆದವಳು, ಅದಕ್ಕಾಗಿ ಹಿಂದಿನ ವರ್ಷ ಪತ್ರಿಕೆಯಲ್ಲಿ ಬರೆದು ವಾದಿಸಿದ್ದ ಅಮೆರಿಕದ ವೀನಸ್ ವಿಲಿಯಮ್ಸ್.

ನಮ್ಮ ದೇಶದ ಲೀಲಾ ರಾವ್ ಆ ಅಂಗಳದಲ್ಲಿ 1934ರಲ್ಲಿಯೇ ಒಂದು ಪಂದ್ಯ ಗೆದ್ದಿದ್ದರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಇನ್ನು ನಮ್ಮ ನಾಡಿಗೆ ಬರೋಣ. ಹೆಂಗಸರ ಅಂತರರಾಷ್ಟ್ರೀಯ ಪಂದ್ಯವೊಂದು ಹೈದರಾಬಾದಿನಿಂದ ಬೆಂಗಳೂರಿಗೆ ಬಂದು, 2006ರಿಂದ 2008ರವರೆಗೆ ಮೂರು ವರ್ಷ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ನಡೆಯಿತು. ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದಳು. ಎರಡನೆಯ ವರ್ಷ ಗೆದ್ದ ಯಾರೊಸ್ಲಾವಾ ಶ್ವೆಡೋವಾಳ ಹೆಸರು ಆಗ ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಆಕೆ ಮುಂದೆ 2012ರ ವಿಂಬಲ್ಡನ್‌ನಲ್ಲಿ, ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ, ಸಾಲಾಗಿ 24 ಅಂಕ ಗಳಿಸಿ ಒಂದು ಸೆಟ್ಟನ್ನೇ ಮುಗಿಸಿಬಿಟ್ಟಳು.

ಮೂರನೆಯ ವರ್ಷ, 2008ರ ಮಾರ್ಚಿಯಲ್ಲಿ, ವೀನಸ್ ಬಂದಳು. ಆಕೆಗಿಂತ ಹದಿನೈದು ತಿಂಗಳು ಚಿಕ್ಕವಳಾದ ತಂಗಿ ಸೆರೆನಾ ಕೂಡ ಬಂದಳು. ಸೆಮಿಫೈನಲ್ಲಿನಲ್ಲಿ ಇಬ್ಬರೂ ಎದುರುಬದುರಾದರು. 2005ರ ನಂತರ ಅವರು ಬಲೆಯ ಆಚೆ ಈಚೆ ನಿಂತದ್ದು ಅದೇ ಮೊದಲು. ಮೊದಲ ಸೆಟ್ಟು ತಂಗಿಗೆ 6–3, ಎರಡನೆಯದು ಅಕ್ಕನಿಗೆ 6–3. ಮೂರನೆಯದರಲ್ಲಿ ಇನ್ನೊಂದೇ ಅಂಕ ಬಂದರೆ ಅಕ್ಕನ ಗೆಲುವು ಎಂಬಲ್ಲಿಗೆ ಬಂತು. ತಂಗಿ ಅದನ್ನು ಉಳಿಸಿಕೊಂಡು, ಟೈಬ್ರೇಕಿನಲ್ಲಿ 7–4ರಿಂದ ಪಂದ್ಯವನ್ನು ತನ್ನದಾಗಿಸಿಕೊಂಡಳು. ಮರುದಿನ ಫೈನಲ್ಲಿನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರಳನ್ನು 7–5, 6–3ರಿಂದ ಸೋಲಿಸಿದಳು. ಆದರೆ ಕಬ್ಬನ್ ಪಾರ್ಕಿನಲ್ಲಿದ್ದವರಿಗೆ ನಿಜವಾದ ಫೈನಲ್ ಅದಕ್ಕೆ ಹಿಂದಿನ ದಿನದ್ದೇ ಎಂದು ನನ್ನ ಎಣಿಕೆ.

ನಾಲ್ಕು ತಿಂಗಳು ಕಳೆಯಿತು. ಜುಲೈ 5ರಂದು ವಿಂಬಲ್ಡನ್ ಫೈನಲ್ಲಿನಲ್ಲಿ ಮತ್ತೆ ಅದೇ ಅಕ್ಕ, ಅದೇ ತಂಗಿ. ಈ ಸಲ ಅಕ್ಕ 7–5, 6–4ರಿಂದ ಗೆದ್ದಳು. ಗೆದ್ದ ವೀನಸ್ ಕುಣಿದು ಕುಪ್ಪಳಿಸಲಿಲ್ಲ. ಅದೇ ದಿನ ಡಬಲ್ಸ್ ಫೈನಲ್ ಕೂಡ ಇತ್ತು. ಒಬ್ಬರನ್ನೊಬ್ಬರು ಎದುರಿಸಿದ ಕೆಲವೇ ಗಂಟೆಗಳಲ್ಲಿ ಅಕ್ಕತಂಗಿಯರಿಬ್ಬರೂ ಬಲೆಯ ಒಂದೇ ಕಡೆ ನಿಂತು ಅದನ್ನೂ ಗೆದ್ದುಕೊಂಡರು.