ಅರಸನ ಮಾತು ಬರೆದುಕೊಂಡವರು

ಯಲಹಂಕದ ಹಳೆಯ ಪೇಟೆಯಲ್ಲಿ ಓಡಾಡುವಾಗಲೆಲ್ಲ ನನಗೆ ಹಿರಿಯ ಕೆಂಪೇಗೌಡರ ಸೆರೆವಾಸದ ಕಥೆ ನೆನಪಾಗುತ್ತದೆ. ಯಲಹಂಕದ ನಾಡಪ್ರಭುಗಳು ವಿಜಯನಗರದ ಸಾಮಂತರು. 1537ರಲ್ಲಿ ಬೆಂಗಳೂರು ಕಟ್ಟಿಸಿದ ಗೌಡರು ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದರೆಂದು ನೆರೆಯ ಜಗದೇವರಾಯ ದೂರಿತ್ತನಂತೆ. ಐದು ವರ್ಷ ಆನೆಗೊಂದಿಯಲ್ಲಿ ಸೆರೆ. ಪ್ರತೀತಿ ಹೇಳುವುದು ಇಷ್ಟನ್ನೇ. ನನ್ನ ಕುತೂಹಲ ಬೇರೆ: ಇಂಥ ದೂರು ರಾಯರ ಕಿವಿ ಮುಟ್ಟುತ್ತಿದ್ದುದು ಯಾರ ಮೂಲಕ?

ಸುಳಿವು ಸಿಗುವುದು ಫೆರ್ನಾವ್ ನೂನಿಜ್‌ನಲ್ಲಿ. 1535–37ರ ಸುಮಾರಿಗೆ ಅಚ್ಯುತರಾಯನ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. (ಇಂದಿನ ಅರ್ಥ ಬೇಡ, ನಿಜವಾದ ಕುದುರೆಗಳೇ.) ಅವನ ವರದಿಯನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಒಬ್ಬೊಬ್ಬ ನಾಯಕನೂ ಅರಮನೆಯಲ್ಲಿ ತನ್ನದೊಬ್ಬ ಬರಹಗಾರನನ್ನು ಇಟ್ಟಿದ್ದನೆಂದು ನೂನಿಜ್ ಹೇಳುತ್ತಾನೆ. ಹಗಲಿರುಳು ಅಲ್ಲೇ ಕಾದಿದ್ದು, ಅರಸ ಏನು ಮಾಡುತ್ತಿದ್ದಾನೆಂದು ಒಡೆಯನಿಗೆ ಬರೆದು ತಿಳಿಸುವುದೇ ಅವನ ಕೆಲಸ. ನಾಯಕರ ಇಂಥ ಪ್ರತಿನಿಧಿಯನ್ನು ಇತಿಹಾಸಕಾರರು ಸ್ಥಾನಪತಿ ಎನ್ನುತ್ತಾರೆ. ಇಂದು ವಿಧಾನಸೌಧದ ಮೊಗಸಾಲೆಯಲ್ಲಿ ಸುಳಿದಾಡುವವರ ಮುತ್ತಾತ ಎಂದರೆ ತಪ್ಪಾಗದು.

ಅರಸನೂ ಸುಮ್ಮನಿರಲಿಲ್ಲ. ಅರಮನೆಯಿಂದ ಹೊರಟರೆ ಅವನ ಬರಹಗಾರರೂ ಜೊತೆಗೇ ಹೊರಡುತ್ತಿದ್ದರು. ಯಾರೊಡನೆ ಮಾತಾಡಿದ, ಯಾವ ವಿಷಯಕ್ಕೆ, ಯಾರಿಗೆ ಏನು ದಯಪಾಲಿಸಿದ, ಯಾವ ಸಂದರ್ಭದಲ್ಲಿ ತೀರ್ಮಾನಿಸಿದ, ಎಲ್ಲವೂ ಕಡತಕ್ಕೆ. ಆ ಬರಹಕ್ಕೆ ಎದುರು ಮಾತಿಲ್ಲ. ಬೇರೆ ಆಜ್ಞಾಪತ್ರವೇ ಇರಲಿಲ್ಲ, ಪಡೆದವನ ಕೈಗೆ ಉಂಗುರದ ಮುದ್ರೆಯೊತ್ತಿದ ಅರಗು ಮಾತ್ರ ಎಂದೂ ಅವನು ಹೇಳುತ್ತಾನೆ. ಇದು ಅತಿಯಾಯಿತು, ವಿಜಯನಗರದ ದಾನಶಾಸನಗಳು ನಮ್ಮ ನಾಡಿನ ತುಂಬ ಇವೆ. ಆದರೆ ಕಡತದ ಮಾತನ್ನು ನಾನು ನಂಬುತ್ತೇನೆ. 'ರಾಯಸ' ಎಂಬ ಹುದ್ದೆಯ ಹೆಸರು ಶಾಸನಗಳಲ್ಲೇ ಸಿಗುತ್ತದಲ್ಲ.

ಈಗ ಬ್ರಿಟನ್ನಿನಲ್ಲಿ ಮಂತ್ರಿಗಳ ವಿಶೇಷ ಸಲಹೆಗಾರರು ಮಾಧ್ಯಮ ಸಂಸ್ಥೆಗಳ ಒಡೆಯರು, ಸಂಪಾದಕರನ್ನು ಕಂಡ ವಿವರ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ನಮ್ಮಲ್ಲಿ 2021ರ ನಾಗರಿಕ ಸೇವಾ ನಡತೆ ನಿಯಮಗಳಿವೆ. ನೌಕರ ಪತ್ರಿಕೆಯಲ್ಲಿ ಸರ್ಕಾರವನ್ನು ಟೀಕಿಸಬಾರದು, ಉಡುಗೊರೆಗೆ ಮಿತಿಯಿದೆ. ಬಾಯಿಗೆ ಬೀಗ ಹಾಕುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಯಾರು ಯಾರನ್ನು ಯಾಕೆ ಕಂಡರೆಂದು ಬರೆದಿಡುವ ರಾಯಸದವನ ಕೆಲಸವನ್ನು ಯಾರಿಗೂ ವಹಿಸಿದಂತಿಲ್ಲ. ಬೇಕಾದವರು ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಅಲೆಯಬೇಕು.

ಕುದುರೆ ಮಾರಲು ಬಂದ ನೂನಿಜ್ ರಾಯರ ಎದುರು ನಿಂತಿದ್ದರೆ ಅವನ ಹೆಸರೂ, ಹೇಳಿದ ಬೆಲೆಯೂ ಆ ಕಡತ ಸೇರಿರಬೇಕು. ನಾಯಕರ ಬರಹಗಾರರು ಅದನ್ನು ಅಂದೇ ಊರಿಗೆ ಬರೆದಿರಬೇಕು. ಎರಡೂ ನಮಗೆ ಉಳಿದಿಲ್ಲ. ಉಳಿದಿರುವುದು ವ್ಯಾಪಾರಿಯ ಬರಹ.