ಉಬ್ಬಿದ ಕೆಪಾಸಿಟರ್ ಮತ್ತು ಕದ್ದ ಸೂತ್ರದ ಕತೆ

ಹಳೇ ಡೆಸ್ಕ್‌ಟಾಪೊಂದಕ್ಕೆ ಎರಡು ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಲಿನಕ್ಸ್ ಹಾಕಿ, ಮನೆಯ ಮೂಲೆಯಲ್ಲಿ ಹಗಲೂ ರಾತ್ರಿ ಓಡಲು ಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಮಕ್ಕಳ ಫೋಟೋ, ಅಪ್ಪನ ಕಾಲದ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡು, ಸ್ಕ್ಯಾನ್ ಮಾಡಿದ ಮನೆ ಪತ್ರ ಎಲ್ಲವೂ ಅದರಲ್ಲೇ. ಇಂಥ ಪೆಟ್ಟಿಗೆ ಒಂದು ದಿನ ಎದ್ದೇಳುವುದಿಲ್ಲ. ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಅಥವಾ ಹತ್ತು ಸಲ ಗುಂಡಿ ಒತ್ತಿದರೆ ಒಂದು ಸಲ ಏಳುತ್ತದೆ. ಪರದೆ ಮಾತ್ರ ಕಪ್ಪು.

ಮದರ್‌ಬೋರ್ಡ್ ಸತ್ತಿತು ಎಂದು ತೀರ್ಮಾನಿಸುವ ಮೊದಲು ಪವರ್ ಸಪ್ಲೈ ನೋಡಬೇಕು. ದೊಡ್ಡ ಕನೆಕ್ಟರಿನ ನೇರಳೆ ತಂತಿಯಲ್ಲಿ, ಗುಂಡಿ ಒತ್ತದೆಯೂ 5 ವೋಲ್ಟ್ ಇರಬೇಕು. ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಸೇರಿಸಿದರೆ ಸಪ್ಲೈ ತಾನೇ ಶುರುವಾಗಬೇಕು. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್ ಸಿಕ್ಕರೆ ಸದ್ಯಕ್ಕೆ ಪಾಸ್. ಸದ್ಯಕ್ಕೆ ಯಾಕೆಂದರೆ ಭಾರ ಬಿದ್ದಾಗ ಕುಸಿಯುವ ಸಪ್ಲೈಗಳೂ ಇವೆ. ಕೈಯಲ್ಲಿ ಇನ್ನೊಂದು ಒಳ್ಳೇ ಸಪ್ಲೈ ಇದ್ದರೆ ಅದನ್ನು ಹಾಕಿ ನೋಡುವುದೇ ನೆಟ್ಟಗಿನ ಪರೀಕ್ಷೆ. ಆಮೇಲೆ ಡಿಸ್ಕು, ಕಾರ್ಡು ಎಲ್ಲಾ ಕಿತ್ತು, ಒಂದೇ ರ‍್ಯಾಮ್ ಕಡ್ಡಿ ಇಟ್ಟು ಪ್ರಯತ್ನಿಸಿ. ಆಗಲೂ ಬೀಪ್ ಇಲ್ಲ, ಏನೂ ಇಲ್ಲ ಎಂದರೆ ಟಾರ್ಚ್ ಹಿಡಿದು ಪ್ರೊಸೆಸರಿನ ಸುತ್ತ ನೋಡಿ.

ಅಲ್ಲಿ ಸಾಲಾಗಿ ನಿಂತ ಪುಟಾಣಿ ಡಬ್ಬಿಗಳೇ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು. ತಲೆ ಚಪ್ಪಟೆಯಾಗಿರಬೇಕು. 2000ದ ದಶಕದ ಬೋರ್ಡಾದರೆ ಕೆಲವು ಇಡ್ಲಿಯಂತೆ ಉಬ್ಬಿರುತ್ತವೆ, ಕೆಲವುಗಳ ತಲೆ ಬಿರಿದು ಕಂದು ಬಣ್ಣದ ಕರಿಕಲು ಕಟ್ಟಿರುತ್ತದೆ. ಇದಕ್ಕೆ 'ಕೆಪಾಸಿಟರ್ ಪ್ಲೇಗ್' ಎಂದೇ ಹೆಸರು ಬಂತು. ಈ ಪ್ಲೇಗಿನ ಇತಿಹಾಸ ಎಂದು ಎಲ್ಲರೂ ಹೇಳುವ ಕತೆಯೊಂದಿದೆ. ನನಗೆ ಅದರ ಮೇಲೆ ಸ್ವಲ್ಪ ತಕರಾರಿದೆ!

ಮೊದಲು ಡಬ್ಬಿಯ ಒಳಗೇನಿದೆ ನೋಡೋಣ. ಎರಡು ಅಲ್ಯುಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲಾ ಚಾಪೆಯಂತೆ ಸುತ್ತಿದ್ದು. ಒಂದು ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಇರುತ್ತದೆ, ವಿದ್ಯುತ್ತನ್ನು ತಡೆಯುವುದು ಅದೇ. ಪ್ರೊಸೆಸರಿಗೆ ಬೇಕಾದದ್ದು ಒಂದೂವರೆ ವೋಲ್ಟಿನ ಆಸುಪಾಸು. ಸಪ್ಲೈಯಿಂದ ಬರುವುದು 12 ವೋಲ್ಟ್. ನಡುವಿನ ಸರ್ಕ್ಯೂಟು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್-ಆಫ್ ಆಗುತ್ತಾ ಅದನ್ನು ಇಳಿಸುತ್ತದೆ. ಆ ಕುಲುಕಾಟವನ್ನು ನುಂಗಿ ಪ್ರೊಸೆಸರಿಗೆ ನಯವಾದ ವೋಲ್ಟೇಜು ಕೊಡುವುದು ಈ ಡಬ್ಬಿಗಳ ಕೆಲಸ. ಪೆಂಟಿಯಂ 4 ಕಾಲಕ್ಕೆ ಪ್ರೊಸೆಸರು 60-70 ಆಂಪಿಯರ್ ಎಳೆಯತೊಡಗಿತು. ಅಷ್ಟು ಕರೆಂಟಿಗೆ ಡಬ್ಬಿಯ ಒಳಗಿನ ರೋಧ ತೀರಾ ಕಡಿಮೆ ಇರಬೇಕು. ರೋಧ ಇಳಿಸುವ ಅಗ್ಗದ ದಾರಿ ಎಂದರೆ ದ್ರವಕ್ಕೆ ನೀರು ಹೆಚ್ಚು ಸೇರಿಸುವುದು.

ನೀರು ಮತ್ತು ಅಲ್ಯುಮಿನಿಯಂ ಜಗಳಗಂಟಿ ಜೋಡಿ. ಸೇರಿದರೆ ಹೈಡ್ರಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಹೊರಬರುತ್ತದೆ. ಹಾಗಾಗದಂತೆ ತಡೆಯಲು ದ್ರವಕ್ಕೆ ಫಾಸ್ಫೇಟ್ ಜಾತಿಯ ಲವಣಗಳನ್ನು ಅಳತೆಯಲ್ಲಿ ಬೆರೆಸಬೇಕು. ಅಳತೆ ತಪ್ಪಿದರೆ ಆಕ್ಸೈಡ್ ಪದರ ಕರಗುತ್ತದೆ, ಗ್ಯಾಸ್ ತುಂಬುತ್ತದೆ, ಡಬ್ಬಿಯ ತಲೆ ಉಬ್ಬುತ್ತದೆ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಗೀರು ಹಾಕಿರುವುದು ಚೆಂದಕ್ಕಲ್ಲ, ಸ್ಫೋಟವಾಗದೆ ಅಲ್ಲೇ ಬಿರಿಯಲಿ ಎಂದು.

ಈಗ ಆ ಕತೆ. 2002ರ ಕೊನೆಯ ಭಾಗದಲ್ಲಿ ಬಿಡಿಭಾಗಗಳ ಉದ್ಯಮದ ಪತ್ರಿಕೆಯೊಂದು, 2003ರ ಫೆಬ್ರವರಿಯಲ್ಲಿ 'ಐಇಇಇ ಸ್ಪೆಕ್ಟ್ರಮ್' ಪ್ರಕಟಿಸಿದ ವರದಿಗಳಿಂದ ಇದು ಹಬ್ಬಿತು. ಜಪಾನಿನ ಕಂಪನಿಯಲ್ಲಿದ್ದ ವಿಜ್ಞಾನಿಯೊಬ್ಬ ಅಲ್ಲಿನ ದ್ರವದ ಸೂತ್ರದೊಂದಿಗೆ ಚೀನಾಕ್ಕೆ ಹೋದ. ಅಲ್ಲಿಂದ ಸೂತ್ರ ಮತ್ತೆ ಕಳುವಾಗಿ ತೈವಾನಿಗೆ ಬಂತು. ಆದರೆ ಕದ್ದವರ ಕೈಗೆ ಸಿಕ್ಕಿದ್ದು ಅರ್ಧಂಬರ್ಧ ಸೂತ್ರ, ರಕ್ಷಣೆಯ ಲವಣಗಳ ಸಾಲೇ ಅದರಲ್ಲಿರಲಿಲ್ಲ. ತೈವಾನಿನ ಕಾರ್ಖಾನೆಗಳು ಆ ದ್ರವ ತುಂಬಿ ಕೋಟಿಗಟ್ಟಲೆ ಡಬ್ಬಿ ಮಾಡಿ ಮಾರಿದವು, ಜಗತ್ತಿನ ಬೋರ್ಡುಗಳೆಲ್ಲ ಮಲಗಿದವು.

ಪತ್ತೇದಾರಿ ಕಾದಂಬರಿಗೆ ಹೇಳಿ ಮಾಡಿಸಿದ್ದು! ಕಳ್ಳ ಮಾಡಿದ ಅಡುಗೆಗೆ ಉಪ್ಪಿಲ್ಲ ಅನ್ನುವ ಹಾಗಿದೆ. ಕಳ್ಳತನ ಮಾತ್ರ ಎಂದೂ ಸಾಬೀತಾಗಲಿಲ್ಲ. ಹಾಳಾದ ಡಬ್ಬಿಗಳನ್ನು ಪ್ರಯೋಗಾಲಯದಲ್ಲಿ ಬಿಚ್ಚಿ ನೋಡಿದಾಗ ಹೈಡ್ರೋಜನ್ ಸಿಕ್ಕಿದ್ದು ಹೌದು, ರಕ್ಷಕ ಲವಣಗಳ ಕೊರತೆ ಕಂಡಿದ್ದೂ ಹೌದು. ಇದರಿಂದ ದ್ರವ ಕೆಟ್ಟದ್ದಿತ್ತು ಎಂದು ಗೊತ್ತಾಗುತ್ತದೆ ಅಷ್ಟೆ, ಅದನ್ನು ಕದ್ದು ತಂದಿದ್ದರು ಎಂದಲ್ಲ.

ಈ ಕತೆ ಒಂದು ಧೋರಣೆಯನ್ನೂ ಬಿಟ್ಟುಹೋಯಿತು. 'ಜಪಾನಿ ಡಬ್ಬಿ ಒಳ್ಳೇದು, ತೈವಾನಿಂದು ಕಳಪೆ' ಅನ್ನೋ ಮಾತು. ಇಂದಿಗೂ ಬೋರ್ಡಿನ ಪೆಟ್ಟಿಗೆಗಳ ಮೇಲೆ 'ಜಪಾನಿ ಕೆಪಾಸಿಟರ್' ಎಂದು ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ. ಆದರೆ ಈ ಪ್ಲೇಗಿನಲ್ಲಿ ಅತಿ ಹೆಚ್ಚು ಸುದ್ದಿಯಾದ ಯಂತ್ರಗಳು ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಮತ್ತು ಜಿಎಕ್ಸ್280. ಅವುಗಳಲ್ಲಿದ್ದದ್ದು ನಿಚಿಕಾನ್ ಡಬ್ಬಿಗಳು. ನಿಚಿಕಾನ್ ಜಪಾನಿನದೇ, ಅದೂ ಹೆಸರುವಾಸಿ ಕಂಪನಿ.

ಡೆಲ್ ಪ್ರಕರಣ ಬಯಲಾದ ರೀತಿಯೂ ಓದಲು ಯೋಗ್ಯ. 2005ರಲ್ಲಿ ಕಂಪನಿ ಈ ರಿಪೇರಿಗೆಂದು ಸುಮಾರು 30 ಕೋಟಿ ಡಾಲರ್ ಲೆಕ್ಕಕ್ಕೆ ಹಾಕಿತು. 2007ರಲ್ಲಿ ಅಮೆರಿಕದ ಇಂಟರ್ನೆಟ್ ಸೇವಾ ಕಂಪನಿಯೊಂದು ದಾವೆ ಹೂಡಿತು. 2010ರಲ್ಲಿ ಅದರ ದಾಖಲೆಗಳು ಹೊರಬಿದ್ದಾಗ 'ನ್ಯೂಯಾರ್ಕ್ ಟೈಮ್ಸ್' ವಿವರವಾಗಿ ಬರೆಯಿತು. 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಡೆಲ್ ಕಳಿಸಿದ್ದ, ಕೆಡುವ ಅಪಾಯವಿದ್ದ ಯಂತ್ರಗಳು ಕನಿಷ್ಠ 1 ಕೋಟಿ 18 ಲಕ್ಷ. ಮೂರು ವರ್ಷದಲ್ಲಿ ನೂರಕ್ಕೆ 97ರಷ್ಟು ತೊಂದರೆ ಕೊಡಬಹುದು ಎಂದು ಕಂಪನಿಗಾಗಿ ನಡೆದ ಅಧ್ಯಯನವೇ ಹೇಳಿತ್ತು. ಆದರೂ ಬೋರ್ಡ್ ಕೆಟ್ಟಿದೆ ಎಂಬ ಅರ್ಥ ಬರುವ ಮಾತನ್ನೇ ಆಡಬೇಡಿ ಎಂದು ಸಿಬ್ಬಂದಿಗೆ ಸೂಚನೆಯಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ದೂರು ಕೊಟ್ಟಾಗ ಸಿಕ್ಕ ಉತ್ತರ ಏನು ಗೊತ್ತೇ? ನೀವು ಕಷ್ಟದ ಲೆಕ್ಕ ಮಾಡಿಸಿ ಯಂತ್ರಕ್ಕೆ ಸುಸ್ತು ಮಾಡಿದ್ದೀರಿ! ಕಂಪ್ಯೂಟರ್ ಇರುವುದೇ ಲೆಕ್ಕ ಮಾಡಲಿಕ್ಕೆ ಸ್ವಾಮೀ... ಡೆಲ್ ಪರವಾಗಿ ವಾದಿಸುತ್ತಿದ್ದ ವಕೀಲರ ಕಚೇರಿಯ 1,000 ಯಂತ್ರಗಳ ರಿಪೇರಿಗೂ ಕಂಪನಿ ಮೊದಲು ಹಿಂದೆಮುಂದೆ ನೋಡಿತ್ತಂತೆ.

ಇಷ್ಟೆಲ್ಲಾ ನೋಡಿದ ಮೇಲೆ ಒಬ್ಬ ಕಳ್ಳ, ಒಂದು ದೇಶ ಎಂದು ಬೆರಳು ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ನೀರು ಹೆಚ್ಚಿಸಿದ ದ್ರವದಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ. ಅದರ ಮೇಲೆ ಪೆಂಟಿಯಂ 4ರ ಬಿಸಿ, ಇಕ್ಕಟ್ಟಾದ ಪೆಟ್ಟಿಗೆ.

ನಮ್ಮ ಮೂಲೆಯ ಸರ್ವರಿಗೆ ಈ ಬಿಸಿಯದೇ ದೊಡ್ಡ ಲೆಕ್ಕ. ಸಾಮಾನ್ಯ ಡಬ್ಬಿಯ ಮೇಲೆ 105 ಡಿಗ್ರಿ ಎಂದಿದ್ದರೆ, ತಯಾರಕರು ಆ ಬಿಸಿಯಲ್ಲಿ ಕೊಡುವ ಆಯಸ್ಸು ಹಲವು ಸಲ 2,000 ಗಂಟೆ ಮಾತ್ರ, ಅಂದರೆ 83 ದಿನ. ಹತ್ತು ಡಿಗ್ರಿ ಇಳಿದಂತೆಲ್ಲ ಆಯಸ್ಸು ಇಮ್ಮಡಿ. 65 ಡಿಗ್ರಿಯಲ್ಲಿ 32,000 ಗಂಟೆ, 55ರಲ್ಲಿ 64,000. ಕಚೇರಿಯ ಯಂತ್ರ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಸುಮಾರು 2,000 ಗಂಟೆ ಓಡಿದರೆ, ಮನೆ ಸರ್ವರ್ 8,760 ಗಂಟೆ ಓಡುತ್ತದೆ. ಒಳ್ಳೇ ಡಬ್ಬಿಯೇ ಆದರೂ 65 ಡಿಗ್ರಿಯಲ್ಲಿ ನಾಲ್ಕು ವರ್ಷ ತುಂಬುವುದರೊಳಗೆ ಲೆಕ್ಕ ಚುಕ್ತಾ. ಫ್ಯಾನಿನ ಧೂಳು ಒರೆಸಿದರೆ ವರ್ಷಗಳೇ ಸಿಗುತ್ತವೆ.

ಡಬ್ಬಿ ಬದಲಿಸಬಹುದೇ? ಬದಲಿಸಬಹುದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಅದೇ ಮೈಕ್ರೊಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟ್, ಕಡಿಮೆ ರೋಧದ ಜಾತಿಯೇ ಆಗಬೇಕು. ಆದರೆ ಬೋರ್ಡಿನ ಒಳಪದರಗಳ ತಾಮ್ರ ಬೆಸುಗೆಯ ಬಿಸಿಯನ್ನೆಲ್ಲ ಹೀರಿಕೊಳ್ಳುವುದರಿಂದ ಸಣ್ಣ ಬೆಸುಗೆ ಕಡ್ಡಿಯಿಂದ ಆಗುವ ಕೆಲಸವಲ್ಲ. ಪೆಂಟಿಯಂ 4 ಕಾಲದ ಬೋರ್ಡಿಗೆ ಅಷ್ಟು ಶ್ರಮ ಬೇಡ ಎಂಬುದು ನನ್ನ ಅಭಿಪ್ರಾಯ. ಅದು ಸುಮ್ಮನೆ ಕುಳಿತಾಗ ತಿನ್ನುವ ಕರೆಂಟೇ ಬಹಳ.

ಹೊಸ ಬೋರ್ಡ್ ಕೊಳ್ಳುವವರಿಗೆ ಡಬ್ಬಿಯ ಚಿಂತೆ ಈಗ ಕಡಿಮೆ. 2007ರ ಆಸುಪಾಸಿನಿಂದ ಬೋರ್ಡುಗಳಲ್ಲಿ ಘನ ಪಾಲಿಮರ್ ಕೆಪಾಸಿಟರ್ ಸಾಮಾನ್ಯವಾಯಿತು. ಅದರಲ್ಲಿ ದ್ರವವಿಲ್ಲ, ಆದ್ದರಿಂದ ಆ ಗ್ಯಾಸಿನ ತಂಟೆಯೂ ಇಲ್ಲ. ಪವರ್ ಸಪ್ಲೈ ಒಳಗೆ ಹಳೇ ಜಾತಿಯೇ ಮುಂದುವರಿದಿದೆ, ಹಾಗಾಗಿ ಹೊಸ ಬೋರ್ಡಿಗೆ ಹತ್ತು ವರ್ಷದ ಹಳೇ ಸಪ್ಲೈ ಜೋಡಿಸಬೇಡಿ.

ಹಾಗೆಂದು ರೋಗವೇ ಹೋಯಿತು ಎನ್ನುವಂತಿಲ್ಲ. 2013ರಲ್ಲಿ ಬಂದ ಇಂಟೆಲ್ ಆಟಮ್ ಸಿ2000 ಚಿಪ್ಪುಗಳು ಮನೆ ಸರ್ವರಿಗೆ ಹೇಳಿ ಮಾಡಿಸಿದಂತಿದ್ದವು. ಕಡಿಮೆ ಕರೆಂಟು, ತಪ್ಪು ತಿದ್ದುವ ಇಸಿಸಿ ರ‍್ಯಾಮ್. ಏಸ್‌ರಾಕ್ ಕಂಪನಿಯ ಸಿ2750ಡಿ4ಐ ಎಂಬ ಅಂಗೈಯಗಲದ ಬೋರ್ಡಿನಲ್ಲಿ 12 ಸಾಟಾ ಪೋರ್ಟ್! 2017ರ ಆರಂಭದಲ್ಲಿ ಇಂಟೆಲ್ ಒಂದು ದೋಷ ಒಪ್ಪಿಕೊಂಡಿತು. ಚಿಪ್ಪಿನ ಒಂದು ಕ್ಲಾಕ್ ಸಂಕೇತ ಕಾಲಕ್ರಮೇಣ ನಿಂತುಹೋಗುತ್ತದೆ, ಆಮೇಲೆ ಯಂತ್ರ ಬೂಟ್ ಆಗದಿರಬಹುದು. ಸುಮಾರು 18 ತಿಂಗಳ ಬಳಕೆಯ ನಂತರ ಕೆಡಬಹುದು ಎಂದು ಸಿಸ್ಕೋ ತನ್ನ ಗ್ರಾಹಕರಿಗೆ ತಿಳಿಸಿತು. ಸಿನಾಲಜಿಯ ಡಿಎಸ್415+, ಡಿಎಸ್1815+ ಪೆಟ್ಟಿಗೆಗಳಲ್ಲೂ ಇದೇ ಚಿಪ್. ಟಾರ್ಚ್ ಹಿಡಿದರೆ ಇಲ್ಲಿ ಏನೂ ಕಾಣುವುದಿಲ್ಲ, ಡಬ್ಬಿಗಳೆಲ್ಲ ನೆಟ್ಟಗೇ ನಿಂತಿರುತ್ತವೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಕಂಡರೆ, ದೋಷ ತಿದ್ದಿದ ನಂತರದ ಆವೃತ್ತಿಯೇ ಎಂದು ಖಾತ್ರಿಯಾಗದ ಹೊರತು ಮುಟ್ಟಬೇಡಿ.

ಕೊನೆಗೆ ಡಿಸ್ಕಿನ ವಿಷಯ. ಬೋರ್ಡ್ ಸತ್ತರೂ ಡಿಸ್ಕಿನಲ್ಲಿರುವುದು ಸಾಮಾನ್ಯವಾಗಿ ಹಾಗೇ ಇರುತ್ತದೆ. ಲಿನಕ್ಸಿನ ಎಂಡಿಎಡಿಎಂ ಅಥವಾ ಝಡ್‌ಎಫ್‌ಎಸ್ ಬಳಸಿ ಜೋಡಿ ಮಾಡಿದ್ದರೆ ಯಾವ ಕಂಪನಿಯ ಬೋರ್ಡಿಗೆ ಸಿಕ್ಕಿಸಿದರೂ ಓದುತ್ತದೆ. ಬಯಾಸ್ ಒಳಗಿನ 'ರೇಡ್' ಆಯ್ಕೆಯಿಂದ ಜೋಡಿ ಮಾಡಿದ್ದರೆ ಎಚ್ಚರ, ಬೇರೆ ಚಿಪ್‌ಸೆಟ್ಟಿನ ಬೋರ್ಡ್ ಅದನ್ನು ಗುರುತಿಸದೆ ಹೊಸದಾಗಿ ಜೋಡಿ ಮಾಡಲೇ ಎಂದು ಕೇಳಬಹುದು. ಆಗ 'ಹೌದು' ಒತ್ತಬೇಡಿ. ಒಂದು ಡಿಸ್ಕನ್ನು ಪಕ್ಕಕ್ಕೆ ತೆಗೆದಿಟ್ಟು, ಇನ್ನೊಂದನ್ನು ಬರೆಯಲಾಗದಂತೆ ಓದಲಷ್ಟೇ ಮೌಂಟ್ ಮಾಡಿ ಫೋಟೋಗಳು ಕಾಣುತ್ತವೆಯೇ ಎಂದು ಮೊದಲು ನೋಡಿ.