ಯಾವ ಊರಿನ ಗಂಟೆ?

ಹೋದ ಜನವರಿಯಲ್ಲಿ ನಮ್ಮ ಮನೆಯ ಕಂಪ್ಯೂಟರು ರಿಪೇರಿಯಾಗಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಅದರ ಗಡಿಯಾರ ಹಿಂದಿನ ರಾತ್ರಿಯ ಏಳೂವರೆ ತೋರಿಸುತ್ತಿತ್ತು. ಗೋಡೆ ಗಡಿಯಾರದ ಮುಳ್ಳು ತಿರುಗಿಸುವ ಹಾಗೆ ನಾನು ಸಮಯ ತಿದ್ದಿಟ್ಟೆ. ಮಾರನೆಯ ದಿನ ಅದು ಇಂಟರ್‌ನೆಟ್ಟಿನಿಂದ ಸಮಯ ತಂದುಕೊಂಡು ಮತ್ತೆ ಹಳೆಯ ಹಾದಿಯನ್ನೇ ಹಿಡಿದಿತ್ತು.

ತಪ್ಪಿದ್ದದ್ದು ಗಂಟೆಯಲ್ಲಲ್ಲ, ಊರಿನಲ್ಲಿ. ಮೇಜಿನ ಮೇಲೆ ಕೂತ ಕಂಪ್ಯೂಟರಿಗೆ ತಾನೆಲ್ಲಿದ್ದೇನೆಂದು ತಾನಾಗಿ ತಿಳಿಯದು. ಇಂಟರ್‌ನೆಟ್ ಸಂಪರ್ಕದ ಸುಳಿವು ಹಿಡಿದು ಊಹಿಸುತ್ತದೆ. ನಮ್ಮದರಲ್ಲಿ ಸ್ಥಳ ತಿಳಿಯುವ ಅನುಮತಿಯನ್ನು ಯಾರೋ ಮುಚ್ಚಿದ್ದರು. ಪಾಪ, ಅದು ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಕೂತಿತ್ತು! ತಾನಾಗಿ ಆರಿಸಿಕೊಳ್ಳುವುದನ್ನು ನಿಲ್ಲಿಸಿ, ಪಟ್ಟಿಯಲ್ಲಿ ನಮ್ಮ ಸಾಲನ್ನು ನಾನೇ ಹುಡುಕಿ ಒತ್ತಿದೆ. ಸರಿಹೋಯಿತು.

ಆ ಸಾಲಿನಲ್ಲಿ ಚೆನ್ನೈ, ಕೊಲ್ಕತ್ತಾ, ಮುಂಬೈ, ನವದೆಹಲಿ ಒಟ್ಟಿಗೇ ಇದ್ದವು. ನನಗೆ ನಗು ಬಂತು. ಗಂಟೆಯ ವಿಷಯದಲ್ಲಿ ಇವು ಒಂದೇ ಪಂಕ್ತಿಯಲ್ಲಿ ಕೂತವಲ್ಲ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆಂದು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಹಿಂದೆ ಊರೂರಿಗೂ ಅದರದೇ ಮಧ್ಯಾಹ್ನ. ಗ್ರೀನಿಚ್‌ಗಿಂತ ಮುಂಬೈ 4 ಗಂಟೆ 51 ನಿಮಿಷ ಮುಂದು. ರೈಲುಗಳು ನಂಬಿದ್ದ ಮದರಾಸಿನ ಸಮಯ 5 ಗಂಟೆ 21 ನಿಮಿಷ. ಕಲ್ಕತ್ತೆಯದು ಸುಮಾರು 5 ಗಂಟೆ 54 ನಿಮಿಷ. 1906ರ ಜನವರಿ 1ರಂದು, ಮಿರ್ಜಾಪುರದ ಬಳಿ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶ ಹಿಡಿದು, ದೇಶಕ್ಕೆಲ್ಲ ಐದೂವರೆ ಗಂಟೆಯ ಒಂದೇ ಸಮಯ ಬಂತು. ಮುಂಬೈಯವರು ಒಪ್ಪಲಿಲ್ಲ. ಗಡಿಯಾರ 39 ನಿಮಿಷ ಮುಂದೆ ಹೋದರೆ ಗಿರಣಿಯ ಕೂಲಿಯವರು ಅಷ್ಟು ಬೇಗ ಏಳಬೇಕು, ಅವರೂ ಪ್ರತಿಭಟಿಸಿದರು. ಕಲ್ಕತ್ತೆ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ಹಳೆಯ ಗಂಟೆಯನ್ನು ಬಿಡಲಿಲ್ಲ.

ಇದನ್ನೆಲ್ಲ ಓದುವಾಗ ನನಗೆ ಅಮ್ಮನ ಜಾತಕ ನೆನಪಾಯಿತು. ಅಮ್ಮ ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ಉಡುಪಿ ಕಡೆಯಿಂದ ಹೋದ ಅಜ್ಜ ಅಲ್ಲಿನ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 'ಬೆಳಿಗ್ಗೆ 6-10' ಎಂದು ಚೀಟಿ ಬರೆದು ಊರಿನ ಜೋಯಿಸರಿಗೆ ಕಳಿಸಿದರು. ಅದು ಮುಂಬೈ ಗಂಟೆಯೋ, ರೈಲಿನ ಗಂಟೆಯೋ? ಅಜ್ಜ ಬರೆಯಲಿಲ್ಲ, ಜೋಯಿಸರು ಕೇಳಲಿಲ್ಲ. 39 ನಿಮಿಷದಲ್ಲಿ ಲಗ್ನವೇ ಬದಲಾಗಬಹುದು. ಅದೇ ಜಾತಕ ಕೂಡದೆ ಅಮ್ಮನಿಗೆ ನಿಶ್ಚಯವಾಗಲಿದ್ದ ಮೊದಲ ಸಂಬಂಧ ಮುರಿದುಬಿತ್ತು. ಆಕೆಯ ನಕ್ಷತ್ರವೇ ಸರಿಯಿಲ್ಲ ಎಂದು ವರ್ಷಗಟ್ಟಲೆ ಮಾತು ಕೇಳಿದಳು.

ಸಂಜೆ ಅಮ್ಮನ ಪಕ್ಕ ಕೂತು ಹೇಳಿದೆ: "ಅಮ್ಮಾ, ನಿನ್ನ ನಕ್ಷತ್ರದ್ದು ಏನೂ ತಪ್ಪಿರಲಿಕ್ಕಿಲ್ಲ. ಯಾವ ಊರಿನ ಗಂಟೆ ಅಂತ ಯಾರೂ ಕೇಳಲಿಲ್ಲ, ಅಷ್ಟೆ."

ಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಕ್ಕಳು. "ಆಗ ಯಾರಾದರೂ ಕೇಳಿದ್ದಿದ್ದರೆ ಇವತ್ತು ಇದನ್ನು ಹೇಳಲಿಕ್ಕೆ ನೀನು ಎಲ್ಲಿರುತ್ತಿದ್ದೆ ಮಾರಾಯ್ತಿ?"